ನೋಡಲಾಗಿದೆ

ಮಂಗಳವಾರ, ಮಾರ್ಚ್ 4

ಪ್ರೀತಿಯ ಪುಟ್ಟಿ,

ನಿನಗೂ ಮೇಷ್ಟ್ರಿಗೂ ಮಕ್ಕಳಿಗೂ ಅಣ್ಣನ ಆಶೀರ್ವಾದ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೈಯಬೇಕು ಅನ್ನಿಸಿದರೆ ಬೈಯಿ, ಆದರೆ ಒಂದು ಸಲಕ್ಕೆ ಮುಗಿಸು. ನಿನ್ನ ಅತ್ತಿಗೆ ಈಗಾಗಲೇ ನಿನ್ನ ಪರವಾಗಿ ದಿನಕ್ಕೊಂದು ಸಲದಂತೆ ಬೈಯುತ್ತಿದ್ದಾಳೆ. ಅವಳ ಮಂಡಿನೋವು ಮೊದಲಿಗಿಂತ ವಾಸಿ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಮೇಲೆ ರೇಗುತ್ತಾಳೆ, ಮೆಟ್ಟಿಲು ಕಂಡುಹಿಡಿದವನು ನಾನೇ ಎಂಬಂತೆ.

ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ನೀನು "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎಂದು ಶುರುಮಾಡುತ್ತೀಯ, ನನ್ನ ಮಾತು ಹಳಿ ತಪ್ಪುತ್ತದೆ. ಈ ಸಲ ಹಳಿ ತಪ್ಪಬಾರದು. ಕಾಗದವಾದರೆ ಮೇಷ್ಟ್ರು ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾರೆ, ನನ್ನ ಕಾಗುಣಿತಕ್ಕೆ ಅಂಕವನ್ನೂ ಕಳೆಯುತ್ತಾರೆ. ಕಳೆಯಲಿ.

ಆಸ್ಪತ್ರೆಯಲ್ಲಿ ಒಂದು ದೊಡ್ಡ ಎಡವಟ್ಟಾಗಿದೆ. ಅದಕ್ಕೆ ಕಾರಣ ನಾನು. ಮೊದಲಿಂದ ಹೇಳುತ್ತೇನೆ.

ನಮ್ಮ ಐಸಿಯುನಲ್ಲಿ ಹನ್ನೆರಡು ಹಾಸಿಗೆಗಳಿವೆ. ಪ್ರತಿ ಹಾಸಿಗೆಯ ತಲೆಯ ಕಡೆ ಒಂದು ಮಾನಿಟರ್. ರೋಗಿಯ ಎದೆಬಡಿತ, ಉಸಿರು, ರಕ್ತದೊತ್ತಡ ಅದರಲ್ಲಿ ಕಾಣುತ್ತದೆ. ಏನಾದರೂ ಏರುಪೇರಾದರೆ ಅದು ಕೂಗಬೇಕು, ಸಿಸ್ಟರ್ ಓಡಿಬರಬೇಕು. ಈ ಮಾನಿಟರುಗಳಿಗೆ ಈಗ ಹದಿನೇಳು ವರ್ಷ. ಕಂಪನಿ ಆ ಮಾದರಿಯನ್ನು ನಿಲ್ಲಿಸಿ ಒಂಬತ್ತು ವರ್ಷವಾಯಿತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಬೇರೆ ವಾರ್ಡುಗಳ ಸತ್ತ ಮಾನಿಟರಿನ ಹೊಟ್ಟೆಯಿಂದ ತೆಗೆದು ಬದುಕಿರುವುದಕ್ಕೆ ಹಾಕುತ್ತಾ ಬಂದಿದ್ದೇನೆ. ಹೋದ ವಾರ ಒಂಬತ್ತನೇ ಹಾಸಿಗೆಯದು ಕಣ್ಣು ಮುಚ್ಚಿತು. ಈಗ ನಿಜವಾಗಿ ಕೆಲಸಕ್ಕೆ ಬರುವುದು ಹನ್ನೊಂದು ಹಾಸಿಗೆ. ನನ್ನ ಕಪಾಟಿನಲ್ಲಿ ಇನ್ನು ಒಂದೇ ಒಂದು ಒಳ್ಳೆಯ ಬೋರ್ಡ್ ಉಳಿದಿದೆ.

ಹೋದ ವರ್ಷ ಒಂದು ದತ್ತಿ ಸಂಸ್ಥೆ, ಹಳೆಯ ಯಂತ್ರ ಬದಲಾಯಿಸಿಕೊಳ್ಳುವ ಆಸ್ಪತ್ರೆಗಳಿಗೆ ಅನುದಾನ ಕೊಡುವುದಾಗಿ ಪ್ರಕಟಿಸಿತು. ಹೊಸ ವ್ಯವಸ್ಥೆಯಲ್ಲಿ ಹನ್ನೆರಡೂ ಮಾನಿಟರುಗಳು ಸಿಸ್ಟರುಗಳ ಮೇಜಿನ ಮೇಲಿನ ಒಂದು ದೊಡ್ಡ ಪರದೆಗೆ ಸೇರುತ್ತವೆ. ಹಾಸಿಗೆಯ ಹತ್ತಿರ ಕೂಗದಿದ್ದರೂ ಮೇಜಿನ ಮೇಲೆ ಕೂಗುತ್ತದೆ. ನಮ್ಮ ಹೆಡ್ ಗುಮಾಸ್ತರು ಅರ್ಜಿ ತಯಾರು ಮಾಡಿದರು. ಅವರನ್ನು ನಾವು ಕರೆಯುವುದು "ಲಗತ್ತು" ಎಂದು. ಯಾವುದಕ್ಕಾದರೂ ಒಂದು ಕಾಗದ ಲಗತ್ತಿಸದೆ ಅವರಿಗೆ ನಿದ್ದೆ ಬರುವುದಿಲ್ಲ. ನನ್ನ ವರ್ಕ್‌ಶಾಪಿನ ರಿಪೇರಿ ಪುಸ್ತಕವನ್ನೂ ಐದು ವರ್ಷದ್ದು ಪೂರ್ತಿ ಪ್ರತಿ ತೆಗೆದು ಲಗತ್ತಿಸಿದರು.

ನಿನ್ನೆ ಸಂಸ್ಥೆಯಿಂದ ಉತ್ತರ ಬಂತು. ಲಗತ್ತು ಅದನ್ನು ಹಿಡಿದುಕೊಂಡು ವರ್ಕ್‌ಶಾಪಿಗೇ ಬಂದರು. ಮೂರು ಸಾಲು ಓದಿದರು: "ಯಂತ್ರಗಳ ಸ್ಥಿತಿ, ಉತ್ತಮ. ನಿರ್ವಹಣೆ, ಅತ್ಯುತ್ತಮ. ತುರ್ತು ಅಗತ್ಯ, ಕಂಡುಬಂದಿಲ್ಲ."

"ಅಭಿನಂದನೆ ಕಣಯ್ಯ," ಅಂದರು. "ನೀನು ಪಾಸು, ಆಸ್ಪತ್ರೆ ಫೇಲು."

ಏನಾಯಿತು ಎಂದರೆ, ನನ್ನ ಪುಸ್ತಕದಲ್ಲಿ "ಕೆಟ್ಟಿದೆ" ಎಂಬ ಮಾತೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಮೊದಲ ದಿನವೇ ಹೇಳಿದ್ದರು: "ಈ ಪುಸ್ತಕ ವಾರ್ಡಿಗೆ ಹೋಗುತ್ತೆ, ಬರುತ್ತೆ. ರೋಗಿ ಕಡೆಯೋರ ಕಣ್ಣಿಗೆ ಬೀಳುತ್ತೆ. 'ಕೆಟ್ಟಿದೆ' ಅಂತ ಬರೆದ್ರೆ ಅವರ ಎದೆ ಒಡೆಯುತ್ತೆ. ರಿಪೇರಿ ಮಾಡು, 'ನೋಡಲಾಗಿದೆ' ಅಂತ ಬರಿ, ಸಹಿ ಹಾಕು." ಅಂದಿನಿಂದ ನಮ್ಮ ವರ್ಕ್‌ಶಾಪಿನಲ್ಲಿ "ನೋಡಲಾಗಿದೆ" ಎಂದರೆ ಅದು ಕೆಟ್ಟಿತ್ತು, ಬಿಚ್ಚಿ ಸರಿ ಮಾಡಿದ್ದೇನೆ ಎಂದು ಅರ್ಥ. ಸುಮ್ಮನೆ ಒರೆಸಿ ಪರೀಕ್ಷಿಸಿದ್ದನ್ನು ನಾವು ಬರೆಯುವುದೇ ಇಲ್ಲ. ಇದು ನಮಗೆ ಗೊತ್ತು, ಸಿಸ್ಟರುಗಳಿಗೆ ಗೊತ್ತು. ದತ್ತಿ ಸಂಸ್ಥೆಯವರಿಗೆ ಹೇಗೆ ಗೊತ್ತಾಗಬೇಕು? ಐದು ವರ್ಷದಲ್ಲಿ ನೂರ ನಲವತ್ತಮೂರು ಸಲ ನೋಡಿದ್ದಾನೆ, ಒಂದು ಸಲವೂ ಕೆಟ್ಟಿಲ್ಲ, ಎಂಥ ಯಂತ್ರ, ಎಂಥ ಕೆಲಸಗಾರ ಅಂದುಕೊಂಡಿದ್ದಾರೆ.

ಲಗತ್ತು ಕೂಡಲೇ ಅವರ ಕಚೇರಿಗೆ ಫೋನು ಹಚ್ಚಿ ವಿಷಯ ಹೇಳಿದರು. ಅವರು ಬಾಗಿಲು ಪೂರ್ತಿ ಹಾಕಿಲ್ಲ. ಇದೇ ಹದಿನಾಲ್ಕರಂದು ಅವರ ಪರಿಶೀಲಕರು ಬರುತ್ತಾರೆ. ಅಷ್ಟರಲ್ಲಿ ನೂರ ನಲವತ್ತಮೂರು ಸಾಲಿಗೂ ವಿವರ ಬರೆದಿಡಬೇಕು: ಯಾವ ಹಾಸಿಗೆ, ಏನು ಕೆಟ್ಟಿತ್ತು, ಆಗ ಹಾಸಿಗೆಯಲ್ಲಿ ರೋಗಿ ಇದ್ದರೇ, ಇದ್ದರೆ ಅವರಿಗೆ ಏನಾಯಿತು. ಕೆಳಗೆ ನನ್ನ ಸಹಿ.

ಇವತ್ತು ಬೆಳಿಗ್ಗೆ ದೊಡ್ಡ ಡಾಕ್ಟರು, ಅಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ಕರೆಸಿದರು. ಬಾಗಿಲು ಹಾಕಲು ಹೇಳಿದರು. "ಕೂತ್ಕೊ" ಅಂದರು. ಇಪ್ಪತ್ತಾರು ವರ್ಷದಲ್ಲಿ ಅವರ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಕೂತ ಮೇಲೆ ಭಯವಾಯಿತು.

"ಹಾಸಿಗೆ ಖಾಲಿ ಇದ್ದಾಗ ಕೆಟ್ಟಿದ್ದನ್ನ ಮಾತ್ರ ಬರಿ," ಅಂದರು.

"ಉಳಿದದ್ದು ಸರ್?"

"ಉಳಿದದ್ದು ನೋಡಲಾಗಿದೆ."

"ಅವರು ಸುಳ್ಳು ಅಂತ ಕಂಡುಹಿಡಿದರೆ?"

"ನಿಜ ಬರೆದರೆ ನಾಳೆ ಗೇಟಿನ ಮುಂದೆ ನೂರು ಜನ ನಿಲ್ತಾರೆ. 'ನಮ್ಮಪ್ಪ ಸತ್ತಾಗ ಯಂತ್ರ ಕೆಟ್ಟಿತ್ತಾ' ಅಂತ ಕೇಳ್ತಾರೆ. ನೀನು ಹೋಗಿ ಮಾತಾಡ್ತೀಯಾ ಅವರ ಜೊತೆ?" ಆಮೇಲೆ ದನಿ ತಗ್ಗಿಸಿ, "ನಿವೃತ್ತಿಗೆ ಇನ್ನೆಷ್ಟು ವರ್ಷ ನಿನಗೆ?" ಎಂದು ಕೇಳಿದರು.

"ಎರಡು."

"ಹಾಂ," ಅಂದರು. ಅಷ್ಟೇ.

ಅವರು ಕೆಟ್ಟವರಲ್ಲ ಪುಟ್ಟಿ. ಹೋದ ವರ್ಷ ಜನ ಬಂದು ಹೊರರೋಗಿಗಳ ವಿಭಾಗದ ಗಾಜು ಒಡೆದಾಗ ಎದುರು ನಿಂತು ಹಣೆ ಒಡೆಸಿಕೊಂಡವರು ಅವರೇ. ಆ ಗಾಯದ ಗುರುತು ಇನ್ನೂ ಇದೆ. ಇವತ್ತು ಮಾತಾಡುವಾಗ ನಾಲ್ಕು ಸಲ ಅದನ್ನು ಸವರಿಕೊಂಡರು.

ಏನು ಮಾಡುವುದೋ ತಿಳಿಯುತ್ತಿಲ್ಲ. ನೀನು ಚಿಕ್ಕಂದಿನಿಂದ ನನಗಿಂತ ಧೈರ್ಯಸ್ಥೆ. ಬೇಗ ನಾಲ್ಕು ಸಾಲು ಬರಿ.

ನಿನ್ನ ಅಣ್ಣ

*

ಭಾನುವಾರ, ಮಾರ್ಚ್ 16

ಪ್ರೀತಿಯ ಪುಟ್ಟಿ,

ಎಲ್ಲರಿಗೂ ಆಶೀರ್ವಾದ. ನೀನು ಬರೆದ ಕಾಗದ ಹನ್ನೊಂದರಂದೇ ಸಿಕ್ಕಿತು. ನೀನು ಬರೆದದ್ದು ನಾಲ್ಕು ಸಾಲಲ್ಲ, ಎರಡೇ ಸಾಲು: "ನಿಜ ಬರೆದುಬಿಡು ಅಣ್ಣ. ಗೊತ್ತಾಗಬೇಕಾದವರಿಗೆ ಗೊತ್ತಾಗಲಿ." ಅದರ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ನನಗೆ ನೂರಕ್ಕೆ ಎಪ್ಪತ್ತೆರಡು ಅಂಕ ಕೊಟ್ಟಿದ್ದಾರೆ. ಸಂತೋಷ. ನನ್ನ ಜೀವನದಲ್ಲೇ ಇದು ಹೆಚ್ಚು. ಉತ್ತರ ಬರೆಯಲು ಐದು ದಿನ ತಡವಾಯಿತು. ಕಳೆದ ಹನ್ನೆರಡು ದಿನದ ಕತೆ ಇದು.

ಪಟ್ಟಿ ಮಾಡಲು ನನ್ನ ಜೊತೆ ಕೂತವರು ದೊಡ್ಡ ಸಿಸ್ಟರ್. ಐಸಿಯು ನರ್ಸುಗಳಿಗೆಲ್ಲ ಅವರೇ ಮೇಲಿನವರು. ಪಾಳಿ ಬದಲಾಗುವ ಹೊತ್ತಿಗೆ, ಮಧ್ಯಾಹ್ನ ಎರಡರಿಂದ ಮೂರರವರೆಗೆ, ಹೊದಿಕೆಗಳನ್ನಿಡುವ ಕೋಣೆಯಲ್ಲಿ ಕೂರುತ್ತಿದ್ದೆವು. ನನ್ನ ಪುಸ್ತಕದಿಂದ ತಾರೀಖು ಓದುತ್ತಿದ್ದೆ, ಅವರು ತಮ್ಮ ಪಾಳಿ ಪುಸ್ತಕದಲ್ಲಿ ಆ ದಿನ ಆ ಹಾಸಿಗೆಯಲ್ಲಿ ಯಾರಿದ್ದರು ಎಂದು ಹುಡುಕುತ್ತಿದ್ದರು.

"ಏಳನೇ ಹಾಸಿಗೆ, ಜೂನ್ ಎರಡು. ತಂತಿಯಣ್ಣ, ಏನಾಗಿತ್ತು?" ಅಲ್ಲಿ ನನ್ನ ಹೆಸರು ತಂತಿಯಣ್ಣ.

"ಪರದೆ ಕಪ್ಪಾಗಿತ್ತು."

"ರೋಗಿ ಇದ್ದರು. ಬಸ್ ಡ್ರೈವರ್. ಅಯ್ಯೋ, ನೆನಪಿದೆ. 'ನನ್ನ ಟೀವಿ ಆಫ್ ಆಯ್ತು ಸಿಸ್ಟರ್' ಅಂತ ಅವನೇ ಕೂಗಿ ಹೇಳಿದ್ದ. ಬದುಕಿದ."

ಹೀಗೆ ಏಳು ಮಧ್ಯಾಹ್ನ. ಕೆಲವು ಸಾಲುಗಳಿಗೆ ನಕ್ಕೆವು. ಕೆಲವಕ್ಕೆ ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಲೆಕ್ಕ ಇಷ್ಟು: ಹಾಸಿಗೆ ಖಾಲಿ ಇದ್ದಾಗ ಕೆಟ್ಟದ್ದು ಅರವತ್ತೊಂದು ಸಲ. ರೋಗಿ ಇದ್ದಾಗ ಎಂಬತ್ತೆರಡು ಸಲ. ಅದರಲ್ಲಿ ಎಂಬತ್ತೊಂದು ಸಲ ರೋಗಿಗೆ ಅದರಿಂದ ಏನೂ ಆಗಲಿಲ್ಲ. ಯಂತ್ರ ಸುಮ್ಮನಿದ್ದಾಗ ಸಿಸ್ಟರುಗಳ ಕಣ್ಣು ನೋಡಿತ್ತು. ಒಂದು ಸಾಲಿನ ಮುಂದೆ ಮಾತ್ರ ಇಬ್ಬರೂ ಏನೂ ಬರೆಯಲಿಲ್ಲ.

ಎರಡು ಪಟ್ಟಿ ತಯಾರಾಯಿತು. ಅರವತ್ತೊಂದರದ್ದು ಲಗತ್ತು ಟೈಪು ಮಾಡಿ ದೊಡ್ಡ ಡಾಕ್ಟರ ಕಡತದಲ್ಲಿಟ್ಟರು. ನೂರ ನಲವತ್ತಮೂರರದ್ದು ನನ್ನ ಕೈಬರಹದಲ್ಲಿ, ನನ್ನ ಅಂಗಿಯ ಜೇಬಿನಲ್ಲಿ. ಅದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ.

ಶುಕ್ರವಾರ ಹತ್ತೂವರೆಗೆ ಪರಿಶೀಲಕಿ ಬಂದರು. ಅರವತ್ತು ದಾಟಿದ ಹೆಂಗಸು, ನಿವೃತ್ತ ಇಂಜಿನಿಯರ್. ಕುರ್ಚಿ ಕೊಟ್ಟರೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. "ಮೊದಲು ಮಾನಿಟರ್ ತೋರಿಸಿ" ಅಂದರು. ಖಾಲಿ ಇದ್ದ ಆರನೇ ಹಾಸಿಗೆಯ ಮಾನಿಟರಿಗೆ, ತಮ್ಮ ಚೀಲದಿಂದ ಅಂಗೈ ಅಗಲದ ಒಂದು ಸಾಧನ ತೆಗೆದು ತಂತಿ ಜೋಡಿಸಿದರು. ಅದು ಸುಳ್ಳು ಎದೆಬಡಿತ ಕೊಡುವ ಸಾಧನ. ಬಡಿತ ನಿಲ್ಲಿಸಿ ಗಡಿಯಾರ ನೋಡಿದರು. ಐದನೇ ಸೆಕೆಂಡಿಗೆ ಮಾನಿಟರ್ ವಾರ್ಡೆಲ್ಲ ಬೆಚ್ಚಿಬೀಳುವಂತೆ ಕೂಗಿತು.

"ಚೆನ್ನಾಗೇ ಕೂಗುತ್ತಲ್ಲ," ಅಂದರು.

ಲಗತ್ತು ನನ್ನ ಕಿವಿಯಲ್ಲಿ, "ಇವತ್ತೊಂದು ದಿನ ಸುಮ್ಮನಿರೋಕೆ ಹೇಳಬಾರದಿತ್ತೇನಯ್ಯ ಅದಕ್ಕೆ!" ಅಂದರು.

ಹೇಳಬಹುದಿತ್ತು. ಹಿಂದಿನ ದಿನ ಒಂದು ತಂತಿ ಸಡಿಲ ಮಾಡಿಟ್ಟಿದ್ದರೆ ಸಾಕಿತ್ತು. ಅಂಥ ಯೋಚನೆ ನನಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಶನಿವಾರ ಆ ಹಾಸಿಗೆಗೆ ಯಾರೋ ಬರುತ್ತಾರಲ್ಲ.

ಆಮೇಲೆ ದೊಡ್ಡ ಡಾಕ್ಟರ ಕೋಣೆ. ಕಡತ ಮೇಜಿನ ಮೇಲೆ. ಪರಿಶೀಲಕಿ ಟೈಪು ಮಾಡಿದ ಪಟ್ಟಿಯನ್ನು ಬೆರಳಿಟ್ಟು ಓದಿದರು. ಮೂರು ಹಾಳೆ. ಓದಿ ಮುಗಿಸಿ ದೊಡ್ಡ ಡಾಕ್ಟರನ್ನು ನೋಡದೆ ನನ್ನನ್ನು ನೋಡಿದರು.

"ಅರವತ್ತೊಂದು ಸಲವೂ ಹಾಸಿಗೆ ಖಾಲಿ?"

ನನ್ನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು.

"ತುಂಬ ಶಿಸ್ತಿನ ಯಂತ್ರಗಳು ನಿಮ್ಮವು. ರೋಗಿ ಮಲಗಿದ್ದಾಗ ಕೆಡೋದೇ ಇಲ್ಲ." ಪಟ್ಟಿಯನ್ನು ಮುಚ್ಚಿದರು. "ಉಳಿದ ಎಂಬತ್ತೆರಡು?"

ದೊಡ್ಡ ಡಾಕ್ಟರು, "ಅವು ಸುಮ್ಮನೆ ಪರೀಕ್ಷೆ ಮಾಡಿದ್ದು ಮೇಡಂ. ರೂಢಿಯಂತೆ," ಅಂದರು.

"ನಾನು ಇವರನ್ನ ಕೇಳಿದ್ದು."

ಪುಟ್ಟಿ, ಆಗ ನನಗೆ ಧೈರ್ಯ ಬಂತು ಎಂದು ಬರೆಯಲಾರೆ. ಆದರೆ ಮೇಜಿನ ಆ ಕಡೆ ಕೂತಿದ್ದ ಹೆಂಗಸು ಕಡತವನ್ನು ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದ್ದರು. ಆ ಚೀಲ ಮುಚ್ಚಿದರೆ ಹೊಸ ಮಾನಿಟರುಗಳ ಮಾತೂ ಮುಚ್ಚಿದಂತೆ. ನನ್ನ ಕಪಾಟಿನಲ್ಲಿ ಒಂದೇ ಬೋರ್ಡ್ ಇದೆ. ಜೇಬಿನಿಂದ ಪಟ್ಟಿ ತೆಗೆದೆ. ನಾಲ್ಕು ಮಡಿಕೆಯಾಗಿ ಬೆವರಿನಲ್ಲಿ ನೆಂದಿತ್ತು. ಮೇಜಿನ ಮೇಲಿಟ್ಟು ಬಿಡಿಸಿ, ಅವರ ಪೆನ್ನನ್ನೇ ಕೇಳಿ ತೆಗೆದುಕೊಂಡು ಎಲ್ಲ ಹಾಳೆಗೂ ಸಹಿ ಹಾಕಿದೆ.

ದೊಡ್ಡ ಡಾಕ್ಟರು, "ಏಯ್" ಅಂದರು. ಅಷ್ಟೇ ಹೊರಟಿತು ಬಾಯಿಂದ.

ಪರಿಶೀಲಕಿ ಮುಕ್ಕಾಲು ಗಂಟೆ ಓದಿದರು. ದೊಡ್ಡ ಸಿಸ್ಟರನ್ನು ಕರೆಸಿ ಪಾಳಿ ಪುಸ್ತಕದ ಜೊತೆ ಇಪ್ಪತ್ತು ಸಾಲು ತಾಳೆ ನೋಡಿದರು. ಎಲ್ಲ ಸರಿಹೋಯಿತು. ಬಸ್ ಡ್ರೈವರನ ಟೀವಿ ಮಾತು ಕೇಳಿ ಒಂದು ಸಲ ನಕ್ಕರು. ಆಮೇಲೆ ಬೆರಳು ಆ ಖಾಲಿ ಸಾಲಿನ ಮೇಲೆ ನಿಂತಿತು.

"ಇಲ್ಲಿ ಏನೂ ಬರೆದಿಲ್ಲ."

"ಅಲಾರಂ ಶಬ್ದ ಬಂದಿರಲಿಲ್ಲ ಮೇಡಂ. ರೋಗಿ ಇದ್ದರು," ಅಂದೆ.

"ಏನಾಯ್ತು ಅವರಿಗೆ?"

"ತೀರಿಕೊಂಡರು."

"ಅವರ ಮನೆಯವರಿಗೆ ಈ ವಿಷಯ ಗೊತ್ತಾ?"

ದೊಡ್ಡ ಸಿಸ್ಟರ್ ಕಿಟಕಿಯ ಕಡೆ ತಿರುಗಿದರು. ನಾನು, "ಇಲ್ಲ" ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಅನುದಾನಕ್ಕೆ ಶಿಫಾರಸು ಮಾಡ್ತೀನಿ," ಅಂದರು. "ಇಷ್ಟು ಕೆಟ್ಟಿದ್ದನ್ನ ಇಷ್ಟು ವರ್ಷ ಎಳೆದುಕೊಂಡು ಬಂದಿದ್ದೀರಿ, ಅದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಆದರೆ ಈ ಒಂದು ಸಾಲು ಹೀಗೆ ಖಾಲಿ ಇಟ್ಟು ನಾನು ತಗೊಳ್ಳಲ್ಲ. ನಾಳೆ ಆ ಮನೆಯವರು ನಮ್ಮ ಕಡತ ನೋಡಿ ತಿಳಿದುಕೊಳ್ಳಬಾರದು. ಮೊದಲು ನೀವು ಹೇಳಿ. 'ತಿಳಿಯಿತು' ಅಂತ ಅವರ ಕೈಯಲ್ಲಿ ಒಂದು ಸಾಲು ಬರೆಸಿ ತನ್ನಿ. ಇಪ್ಪತ್ತೈದನೇ ತಾರೀಖು ಕಡೇ ದಿನ."

ಅವರು ಹೋದ ಮೇಲೆ ದೊಡ್ಡ ಡಾಕ್ಟರು ಹಣೆಯ ಗಾಯ ಸವರಿಕೊಂಡರು. ಆಮೇಲೆ, "ನಿನ್ನನ್ನ ಸಸ್ಪೆಂಡ್ ಮಾಡಬೇಕು ನಾನು" ಅಂದರು. "ಮಾಡಿ ಸರ್" ಅಂದೆ. "ಮಾಡಿದರೆ ಒಂಬತ್ತನೇ ಮಾನಿಟರ್ ಯಾರು ನೋಡ್ತಾರೆ, ನಿಮ್ಮಜ್ಜನಾ? ಹೋಗು" ಎಂದು ಕಳಿಸಿದರು. ಎಂಬತ್ತೊಂದು ಮನೆಯವರಿಗೂ ತಾವೇ ಕಾಗದ ಬರೆಯುವುದಾಗಿ ನಿನ್ನೆ ಲಗತ್ತಿಗೆ ಹೇಳಿದರಂತೆ. ಗೇಟಿಗೆ ಇಬ್ಬರು ಕಾವಲುಗಾರರನ್ನು ಹೆಚ್ಚು ಹಾಕಿದ್ದಾರೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ನಿನ್ನ ಅತ್ತಿಗೆಗೆ ಇದಿಷ್ಟನ್ನೂ ಹೇಳಿದ್ದೇನೆ. "ಸಹಿ ಹಾಕೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?" ಅಂದಳು. ಆಮೇಲೆ ತಾನೇ, "ಕೇಳಿದ್ದರೆ ನಾನು ಬೇಡ ಅಂತಿದ್ದೆ, ಕೇಳದೆ ಇದ್ದದ್ದೇ ಒಳ್ಳೇದಾಯ್ತು" ಅಂದಳು.

ಈಗ ಎಲ್ಲ ನಿಂತಿರುವುದು ಆ ಒಂದು ಸಾಲಿನ ಮೇಲೆ. ಇನ್ನು ಒಂಬತ್ತು ದಿನ.

ಮಕ್ಕಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ. ದೊಡ್ಡವಳಿಗೆ ಗಣಿತದ ಭಯ ಬೇಡ ಅನ್ನು, ಅವಳ ಮಾವ ಗಣಿತದಲ್ಲಿ ಎರಡು ಸಲ ಕೂತೇ ಪಾಸಾದದ್ದು. ಮೇಷ್ಟ್ರ ಕೆಮ್ಮು ಕಮ್ಮಿಯಾಗಲಿ. ನಿನ್ನ ಮನೆ ತುಂಬಿ ನೆಮ್ಮದಿಯಾಗಿರಲಿ, ನಿನ್ನ ಮೈಮನಸ್ಸು ಗಟ್ಟಿಯಾಗಿರಲಿ ಎಂದು ಹರಸುವ

ನಿನ್ನ ಅಣ್ಣ

ವಿ.ಸೂ.: ಈ ಹಾಳೆಯನ್ನು ಬೇರೆಯಾಗಿ ಮಡಚಿ ಒಳಗಿಟ್ಟಿದ್ದೇನೆ. ಇದನ್ನು ಮೇಷ್ಟ್ರಿಗೆ ಓದಲು ಕೊಡಬೇಡ. ನೀನೊಬ್ಬಳೇ ಇದ್ದಾಗ ಓದು.

ಆ ಮನೆಯವರು ನಾವೇ ಪುಟ್ಟಿ. ಮೂರನೇ ಹಾಸಿಗೆ, ನಾಲ್ಕು ವರ್ಷದ ಹಿಂದೆ, ಆಗಸ್ಟ್ ಹನ್ನೊಂದು. ಅಮ್ಮ.

ನೀನು ಕೆಳಗೆ ಕ್ಯಾಂಟೀನಿಗೆ ಹೋದದ್ದು ಎರಡು ಮುಕ್ಕಾಲಿಗೆ. ಅಮ್ಮನ ಎದೆಬಡಿತ ಬಿದ್ದದ್ದು ಎರಡು ಐವತ್ತೆರಡಕ್ಕೆ. ಮಾನಿಟರಿನೊಳಗೆ ಆ ಹೊತ್ತು ದಾಖಲಾಗಿತ್ತು. ಅದು ಕೂಗಲಿಲ್ಲ. ಆ ಹೊತ್ತಿಗೆ ಹನ್ನೊಂದನೇ ಹಾಸಿಗೆಗೆ ಹೊಸ ರೋಗಿಯನ್ನು ತಂದಿದ್ದರು, ಸಿಸ್ಟರುಗಳೆಲ್ಲ ಅಲ್ಲಿದ್ದರು. ಮೂರು ಗಂಟೆ ಐದು ನಿಮಿಷಕ್ಕೆ ನೀನು ಬಂದು ಕಿರುಚಿದ ಮೇಲೆ ಎಲ್ಲರೂ ಓಡಿಬಂದರು. ಹದಿಮೂರು ನಿಮಿಷ. ಮೂರು ದಿನ ಬಿಟ್ಟು ಕೆಲಸಕ್ಕೆ ಹೋದಾಗ ದೊಡ್ಡ ಸಿಸ್ಟರ್ ಏನೂ ಹೇಳದೆ ಆ ಮಾನಿಟರನ್ನು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದೆ. ಸ್ಪೀಕರಿನ ತಂತಿ ಬೆಸುಗೆ ಬಿಟ್ಟಿತ್ತು. ಬೆಸೆದೆ, ಪುಸ್ತಕದಲ್ಲಿ ಅದೇ ಮಾತು ಬರೆದೆ, ಸಹಿ ಹಾಕಿದೆ. ಬಿಟ್ಟುಹೋಗಿದ್ದ ಆ ಬೆಸುಗೆಯೂ ನನ್ನದೇ, ಅದಕ್ಕೂ ಮೂರು ತಿಂಗಳ ಹಿಂದೆ ಹಾಕಿದ್ದು.

ಕೂಗಿದ್ದರೂ ಅಮ್ಮ ಉಳಿಯುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ನಿನಗೆ ಬರೆಯಲಾರೆ.

ಶುಕ್ರವಾರ ಸಂಜೆ ಲಗತ್ತು ಒಂದು ದಾರಿ ಹುಡುಕಿದ್ದರು. "ಆ ರೋಗಿಯ ಮಗ ನೀನೇ ತಾನೇ? ನಿನಗೆ ಗೊತ್ತಿದ್ದ ಮೇಲೆ ಮನೆಯವರಿಗೆ ತಿಳಿಸಿದ ಹಾಗೇ ಆಯ್ತು. 'ತಿಳಿಯಿತು' ಅಂತ ನೀನೇ ಬರೆದುಕೊಡು, ಲಗತ್ತಿಸಿಬಿಡ್ತೀನಿ." ನಿಯಮದ ಪ್ರಕಾರ ಅದು ಸರಿಯಂತೆ. ಅವರು ಹಾಳೆಯನ್ನೂ ಮುಂದೆ ಇಟ್ಟರು. ಬರೆಯಲು ಆಗಲಿಲ್ಲ. ಅಮ್ಮನ ಪಕ್ಕದಲ್ಲಿ ಇದ್ದವಳು ನೀನು.

ಪ್ರತಿ ವರ್ಷ ಆ ದಿನ ನೀನು ಫೋನು ಮಾಡಿ, "ನಾನು ಎದ್ದು ಹೋಗಬಾರದಿತ್ತು ಅಣ್ಣ" ಅನ್ನುತ್ತೀಯ. ಪ್ರತಿ ವರ್ಷ ನಾನು, "ಹೋಗಲಿ ಬಿಡು ಪುಟ್ಟಿ, ನಿನ್ನ ತಪ್ಪೇನಿದೆ" ಎಂದು ಸಮಾಧಾನ ಹೇಳುತ್ತೇನೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಹಾಗೆ. ಮೇಷ್ಟ್ರಿಗೆ ಜ್ವರ ಬಂದಾಗ ನೀನು ಮೂರು ದಿನ ಮಂಚದ ಪಕ್ಕ ಬಿಟ್ಟು ಏಳಲಿಲ್ಲ ಎಂದು ಅವರೇ ಬರೆದಿದ್ದರು. ಅದನ್ನು ಓದಿಯೂ ನಾನು ಬಾಯಿ ಬಿಡಲಿಲ್ಲ.

ಅನುದಾನಕ್ಕಾಗಿ ನೀನು "ತಿಳಿಯಿತು" ಎಂದು ಬರೆಯಬೇಡ. ಬರೆಯಬೇಕು ಅನ್ನಿಸಿದರೆ ಬರಿ, ದೂರು ಕೊಡಬೇಕು ಅನ್ನಿಸಿದರೆ ಕೊಡು, ಸಂಸ್ಥೆಯ ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ. ಹಾಸಿಗೆಗಳ ಯೋಚನೆ ನನಗೆ ಬಿಡು.

ಇನ್ನೊಂದು ಇದೆ. ಆ ಮಧ್ಯಾಹ್ನ ನೀನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಏಳಲು ಒಪ್ಪುತ್ತಿರಲಿಲ್ಲ. ವರ್ಕ್‌ಶಾಪಿನಿಂದ ಬಂದು, "ಹೋಗಿ ಏನಾದರೂ ತಿಂದು ಬಾ, ಮಾನಿಟರ್ ಇದೆಯಲ್ಲ, ಅದು ಕೂಗುತ್ತೆ" ಎಂದು ತೋಳು ಹಿಡಿದು ನಿನ್ನನ್ನು ಎಬ್ಬಿಸಿ, ವರ್ಕ್‌ಶಾಪಿಗೆ ವಾಪಸು ಹೋದವನು ನಾನು. ನಾಲ್ಕು ವರ್ಷದಲ್ಲಿ ನೀನು ಒಂದು ಸಲವೂ ಈ ಮಾತು ಎತ್ತಿಲ್ಲ. ನಿನಗೆ ಅದು ಮರೆತಿದೆಯೋ, ನೆನಪಿದ್ದೂ ನನ್ನನ್ನು ಉಳಿಸಿಕೊಂಡು ಬಂದಿದ್ದೀಯೋ, ಕೇಳಲು ನನಗೆ ಧೈರ್ಯವಾಗಿಲ್ಲ.